ತದ್ರೂಪು ಬಳ್ಳಿಯೂ ನೆರೆಯವನ ಹತ್ತಿಯೂ

ಸವಣೂರಿನ ಎಲೆತೋಟಗಳಲ್ಲಿ ವೀಳ್ಯದ ಬಳ್ಳಿಗೆ ಯಾರೂ ಬೀಜ ಬಿತ್ತುವುದಿಲ್ಲ. ಸೊಂಪಾದ ಬಳ್ಳಿಯನ್ನು ಗೆಣ್ಣುಸಹಿತ ಕೊಯ್ದು ನೆಡುವರು. ಅದರಿಂದ ಚಿಗುರಿದ್ದು ತಾಯಿಬಳ್ಳಿಯ ತದ್ರೂಪವೇ ಆಗಿರುವುದು. ಹಾನಗಲ್ಲ, ಶಿಗ್ಗಾಂವಿಗಳಲ್ಲಿ ಆಪೂಸ ಮಾವಿಗೆ ಕಸಿ ಕಟ್ಟುವುದೂ ಇದೇ ನ್ಯಾಯದಿಂದ. ವಿಜ್ಞಾನಿಗಳು ಕ್ಲೋನಿಂಗ್ ಎಂದು ಕರೆಯುವ ವಿದ್ಯೆ ಒಕ್ಕಲಿಗರಿಗೆ ಹೊಸದೇನೂ ಅಲ್ಲ. ಆದರೆ ರೂಪ ಒಂದೇ ಆದಲ್ಲಿ ದೌರ್ಬಲ್ಯವೂ ಒಂದೇ. ಬುಡಕೊಳೆ ರೋಗಕ್ಕೆ ಒಂದು ಬಳ್ಳಿ ಸೋತಿತೆಂದರೆ ತೋಟವೆಲ್ಲ ಸೋಲುವ ಭಯವಿದೆ.

ಪ್ರಾಣಿಗಳಲ್ಲಿ ಈ ಕಾರ್ಯ ಬಹು ಕಷ್ಟತರವಾದುದು. ಒಂದು ಅಂಡದ ಕೋಶಕೇಂದ್ರವನ್ನು ತೆಗೆದು, ಬೇಕಾದ ತಳಿಯ ಜೀವಕೋಶವನ್ನು ಅದರೊಡನೆ ಕೂಡಿಸಿ, ಆ ಭ್ರೂಣವನ್ನು ಮತ್ತೊಂದು ಪ್ರಾಣಿಯ ಗರ್ಭದಲ್ಲಿ ಬೆಳೆಸಬೇಕು. ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ಹುಟ್ಟಿದ ಮೊದಲ ತದ್ರೂಪು ಎಮ್ಮೆಗರು ಕೆಲವೇ ದಿನ ಬದುಕಿತು. ಅದೇ ವರ್ಷ ಹುಟ್ಟಿದ ಗರಿಮಾ ಸುಮಾರು ಎರಡು ವರ್ಷ ಬಾಳಿತು. ಭ್ರೂಣದ ಕಾಂಡಕೋಶದಿಂದ 2010ರಲ್ಲಿ ಪಡೆದ ಎರಡನೆಯ ಗರಿಮಾ ಮಾತ್ರ ಬೆಳೆದು 2013ರಲ್ಲಿ ತಾನೇ ಕರು ಹಾಕಿತು. ಒಂದು ಕರುವಿಗಾಗಿ ಎಷ್ಟು ಮೂಕಪ್ರಾಣಿಗಳು ಗರ್ಭದ ಭಾರ ಹೊರಬೇಕೆಂಬ ಪ್ರಶ್ನೆಯನ್ನು ಬಲ್ಲವರು ಕಡೆಗಣಿಸುವುದಿಲ್ಲ.

ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದರಲ್ಲಿ ಸೇರಿಸುವುದು ಬೇರೆಯೇ ವಿದ್ಯೆ. ಗ್ರಾಮಮುಖ್ಯರೂ ಜಮೀನುದಾರರೂ ಹೆಚ್ಚು ಮನಸ್ಸಿಡಬೇಕಾದುದು ಇಲ್ಲಿ. ಏಕೆಂದರೆ ಅದು ಸವಣೂರ, ಹಿರೇಕೆರೂರಗಳ ಹತ್ತಿಯ ಹೊಲಗಳಿಗೇ ಬಂದಿದೆ. ಮಣ್ಣಿನ ಸೂಕ್ಷ್ಮಾಣುವೊಂದರ ವಂಶವಾಹಿಯನ್ನು ಹೊತ್ತು, ಕಾಯಿಕೊರಕವನ್ನು ತಾನೇ ಕೊಲ್ಲುವ ಬಿಟಿ ಹತ್ತಿಗೆ 2002ರಲ್ಲಿ ಸರಕಾರದ ಅನುಮತಿ ದೊರೆಯಿತು. ಹೊಲದ ಸುತ್ತಲೂ ಐದು ಸಾಲು, ಇಲ್ಲವೆ ಹೊಲದ ಐದರಲ್ಲೊಂದು ಪಾಲು, ಯಾವುದು ಹೆಚ್ಚೋ ಅಷ್ಟು ಸಾದಾ ಹತ್ತಿಯನ್ನು ಬಿತ್ತಬೇಕೆಂಬ ನಿಬಂಧನೆಯೂ ಜೊತೆಗಿತ್ತು. 450 ಗ್ರಾಂ ಬಿಟಿ ಬೀಜದೊಡನೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಬರುತ್ತಿದ್ದುದು ಇದಕ್ಕಾಗಿಯೇ. ಅನೇಕರು ಅದನ್ನು ವ್ಯರ್ಥವೆಂದು ಎಸೆದರು.

ವ್ಯರ್ಥವಲ್ಲ. ಬಿಟಿ ಹತ್ತಿಯನ್ನು ತಿಂದೂ ಬದುಕುವ ಹುಳು ಲಕ್ಷಕ್ಕೊಂದು ಇರಬಹುದು. ಸಾದಾ ಸಾಲಿನಲ್ಲಿ ಬೆಳೆದ ಪತಂಗಗಳು ಅದರೊಡನೆ ಕೂಡಿದರೆ ಆ ಮೊಂಡುಗುಣ ಸಂತತಿಯಲ್ಲಿ ತೆಳುವಾಗುವುದು. ಸಾದಾ ಸಾಲು ಇಲ್ಲದಿದ್ದರೆ ಉಳಿದ ಮೊಂಡುಹುಳುಗಳು ತಮ್ಮತಮ್ಮಲ್ಲೇ ಕೂಡಿ ಊರನ್ನೇ ತುಂಬುವುವು. ಎರಡು ವಂಶವಾಹಿಗಳ ಬೀಜ 2006ರಲ್ಲಿ ಬಂದಿತು. ಮೊದಲನೆಯದಕ್ಕೆ ಬಗ್ಗದ ಗುಲಾಬಿ ಕಾಯಿಕೊರಕ 2009ರಲ್ಲಿ ಗುಜರಾತದಲ್ಲಿ ಕಂಡಿತು. ಮುಂದಿನ ದಶಕದಲ್ಲಿ ಎರಡಕ್ಕೂ ಬಗ್ಗದ ಹುಳು ಹುಟ್ಟಿಕೊಂಡಿತು. ಪೊಟ್ಟಣ ಎಸೆದವನ ಲಾಭ ಅವನದು. ಪತಂಗವಾದರೋ ಬದುವನ್ನು ದಾಟಿ, ನಿಯಮ ಪಾಲಿಸಿದ ಬಡವನ ಹೊಲಕ್ಕೂ ಹಾರುವುದು. ಇದನ್ನು ಅನ್ಯಾಯವೆನ್ನದೆ ಬೇರೇನೆನ್ನಬೇಕು?

ಒಬ್ಬ ರೈತನಿಂದ ಇದರ ಪರಿಹಾರವಾಗದು. ಊರ ಹಿರಿಯರು ಎಲ್ಲರನ್ನೂ ಕೂಡಿಸಬೇಕಾಗುವುದು. ಬಿಡಿಸುವುದು ಮುಗಿದ ಹೊಲದಲ್ಲಿ ಹತ್ತಿಯನ್ನು ಕೂಳೆಗೆಂದು ಬಿಡದೆ, ಉಳಿದ ಕಾಯಿಗಳನ್ನು ಕುರಿಮಂದೆಗೆ ಮೇಯಲು ಬಿಟ್ಟು, ಕಟ್ಟಿಗೆಯನ್ನು ಕಿತ್ತು ನಾಶಪಡಿಸತಕ್ಕದ್ದು. ಉರುವಲಿಗೆಂದು ಹಿತ್ತಲಿನಲ್ಲಿ ಒಟ್ಟಿದ ಹತ್ತಿಕಟ್ಟಿಗೆಯ ಒಣಗಾಯಿಗಳಲ್ಲಿ ಈ ಹುಳು ಬೇಸಿಗೆಯನ್ನೆಲ್ಲ ನಿದ್ರಿಸಿ, ಮುಂದಿನ ಹಂಗಾಮಿಗೆ ಪತಂಗವಾಗಿ ಏಳುತ್ತದೆ.