ಇಲ್ಲದ ಸಾಧನದ ಹೆಸರಿನಲ್ಲಿ ಬರುವ ದೋಷ

ಗಣಕಯಂತ್ರದೊಳಗಿನ ನೆಟ್‌ವರ್ಕ್ ಕಾರ್ಡು, ಡಿಸ್ಕ್ ಕಂಟ್ರೋಲರು, ಗ್ರಾಫಿಕ್ಸ್ ಕಾರ್ಡು ಮೊದಲಾದ ಸಾಧನಗಳು ಸಿಪಿಯುವಿನ ಮಧ್ಯಸ್ಥಿಕೆಯನ್ನು ಕಾಯದೆ ಮೆಮೊರಿಯನ್ನು ತಾವೇ ನೇರವಾಗಿ ಓದಿ ಬರೆಯುವ ಅಧಿಕಾರವನ್ನು ಪಡೆದಿರುವುವು. ಡಿಎಂಎ ಎಂಬ ಈ ಅಧಿಕಾರವು ವೇಗಕ್ಕೆ ಎಷ್ಟು ಕಾರಣವೋ ಅಪಾಯಕ್ಕೂ ಅಷ್ಟೇ ಕಾರಣವಾದುದರಿಂದ, ಅಂಥ ಸಾಧನವೊಂದನ್ನು ವರ್ಚುವಲ್ ಮೆಷಿನ್ನಿನ ವಶಕ್ಕೆ ಸಂಪೂರ್ಣವಾಗಿ ಒಪ್ಪಿಸುವ ಪಾಸ್‌ಥ್ರೂ ವ್ಯವಸ್ಥೆಯಲ್ಲಿ, ಅದು ಕೇಳುವ ಪ್ರತಿಯೊಂದು ವಿಳಾಸವನ್ನೂ ಪರೀಕ್ಷಿಸಿ ನಿಜವಾದ ವಿಳಾಸಕ್ಕೆ ಪರಿವರ್ತಿಸುವ ಐಒಎಂಎಂಯು ಎಂಬ ಅಂಗವು ಅತ್ಯಾವಶ್ಯಕ. ಇಂಟೆಲ್ ಯಂತ್ರಗಳಲ್ಲಿ ಇದಕ್ಕೆ ವಿಟಿ-ಡಿ ಎಂದು ಹೆಸರು. 2012ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿದ ವಿಎಫ್‌ಐಒ ಎಂಬ ವ್ಯವಸ್ಥೆಯು ಸಾಧನಗಳನ್ನು ಸುರಕ್ಷಿತವಾಗಿ ಒಪ್ಪಿಸುವುದು ಐಒಎಂಎಂಯುವಿನ ಆಧಾರದಿಂದಲೇ.

ಅನುಮತಿಯಿಲ್ಲದ ವಿಳಾಸವನ್ನು ಸಾಧನವು ಮುಟ್ಟಹೋದೊಡನೆ ಐಒಎಂಎಂಯು ಅದನ್ನು ತಡೆಯುತ್ತದೆ. ಕೇಳಿದವರು ಯಾರು, ಕೇಳಿದ ವಿಳಾಸ ಯಾವುದು, ತಡೆದುದು ಏಕೆ ಎಂಬ ಮೂರೂ ಸಂಗತಿಗಳು ಕರ್ನಲ್ಲಿನ ಲಾಗಿನಲ್ಲಿ ಒಂದೇ ಸಾಲಾಗಿ ದಾಖಲಾಗುತ್ತವೆ. ಇಂಟೆಲ್ ಕ್ರಮದಲ್ಲಿ ಕಾರಣಸಂಖ್ಯೆ 5 ಎಂದರೆ ಬರೆಯಲು ಅನುಮತಿಯಿಲ್ಲ, 6 ಎಂದರೆ ಓದಲು ಅನುಮತಿಯಿಲ್ಲ. 2 ಎಂದರೆ ಆ ಸಾಧನಕ್ಕೆ ವಿಳಾಸಗಳ ಕೋಷ್ಟಕವನ್ನೇ ಗೊತ್ತುಮಾಡಿಲ್ಲವೆಂದು ಅರ್ಥ. ಶೋಧಕರು ಸಾಮಾನ್ಯವಾಗಿ ವಿಳಾಸದ ಬೆನ್ನು ಹತ್ತುತ್ತಾರೆ; ಮೊದಲು ನೋಡತಕ್ಕದ್ದು ಕೇಳಿದವರ ಗುರುತನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾರ್ವೆಲ್ 88ಎಸ್‌ಇ9123 ಎಂಬ ಸಾಟಾ ಕಂಟ್ರೋಲರಿನ ವೃತ್ತಾಂತವು ಇದಕ್ಕೆ ಉತ್ತಮ ನಿದರ್ಶನ. ಪಿಸಿಐ ಕ್ರಮದಲ್ಲಿ ಒಂದೇ ಸಾಧನದೊಳಗಿನ ಒಂದೊಂದು ಘಟಕಕ್ಕೂ ಫಂಕ್ಷನ್ ಎಂಬ ಸಂಖ್ಯೆಯಿರುತ್ತದೆ; ಈ ಚಿಪ್ಪು ಕರ್ನಲ್ಲಿಗೆ ತನ್ನನ್ನು ಪರಿಚಯಿಸಿಕೊಳ್ಳುವುದು ಫಂಕ್ಷನ್ 0 ಎಂದು. ಆದರೆ ಡಿಎಂಎಗಾಗಿ ಮೆಮೊರಿಯನ್ನು ಕೇಳುವಾಗ ತನ್ನನ್ನು ಫಂಕ್ಷನ್ 1 ಎಂದು ಹೇಳಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಆ ಸಂಖ್ಯೆಯಲ್ಲಿ ಹಳೆಯ ಐಡಿಇ ಕಂಟ್ರೋಲರೊಂದು ಇರುವುದುಂಟು, ಮತ್ತೆ ಕೆಲವುಗಳಲ್ಲಿ ಅಲ್ಲಿ ಏನೂ ಇಲ್ಲ. ಹೀಗಾಗಿ ಕರ್ನಲ್ಲು ಫಂಕ್ಷನ್ 0ಕ್ಕೆ ಕೋಷ್ಟಕವನ್ನು ಸರಿಯಾಗಿ ಸಿದ್ಧಪಡಿಸಿದ್ದರೂ ಕೋರಿಕೆಯು ಬೇರೊಂದು ಹೆಸರಿನಲ್ಲಿ ಬಂದು ತಿರಸ್ಕೃತವಾಗುತ್ತದೆ, ಡಿಸ್ಕಿನ ಉತ್ತರಕ್ಕಾಗಿ ಕರ್ನಲ್ಲು ಕಾದು ಸೋಲುತ್ತದೆ. ಐಒಎಂಎಂಯುವನ್ನು ನಿಷ್ಕ್ರಿಯಗೊಳಿಸಿದರೆ ಎಲ್ಲವೂ ಸರಾಗವಾಗಿ ನಡೆಯುವುದರಿಂದ ತಪ್ಪು ಅದರದೇ ಎಂದು ತೋರುತ್ತದೆ. ಈ ತೀರ್ಮಾನವು ಸರ್ವಥಾ ಅನ್ಯಾಯ. ತಪ್ಪಿದ್ದುದು ಚಿಪ್ಪಿನಲ್ಲಿ. ಕರ್ನಲ್ಲಿನ ಕರ್ತೃಗಳು ಅದಕ್ಕೆ ಫಂಕ್ಷನ್ 1ನ್ನು ಎರಡನೆಯ ಗುರುತಾಗಿ ಬರೆದಿಟ್ಟು, ಎರಡು ಹೆಸರುಗಳಿಗೂ ಒಂದೇ ಕೋಷ್ಟಕವನ್ನು ಕೊಟ್ಟು, ತಡೆಯನ್ನು ತೆಗೆಯದೆಯೇ ತೊಡಕನ್ನು ಬಿಡಿಸಿದರು. ರಿಕೋ ಕಂಪನಿಯ ಕೆಲವು ಚಿಪ್ಪುಗಳಲ್ಲಿ ಇದರ ವಿಪರ್ಯಾಸವಿದೆ: ಅಲ್ಲಿ ಇತರ ಫಂಕ್ಷನ್ನುಗಳು 0ಯ ಹೆಸರಿನಲ್ಲಿ ಕೇಳುತ್ತವೆ.

ಫರ್ಮ್‌ವೇರು ತಾನೇ ಒಂದು ಸಾಧನಕ್ಕಾಗಿ ಮೆಮೊರಿಯ ಭಾಗವೊಂದನ್ನು ಕಾದಿರಿಸಿ, ಆ ಕಾರಣದಿಂದ ಕರ್ನಲ್ಲು ಆ ಸಾಧನವನ್ನು ವರ್ಚುವಲ್ ಮೆಷಿನ್ನಿಗೆ ಒಪ್ಪಿಸಲು ನಿರಾಕರಿಸುವ ಪ್ರಸಂಗ ಗುರುತಿನ ಈ ಗೊಂದಲಕ್ಕಿಂತ ಬೇರೆಯದು. ಅದಕ್ಕೆ ಪರಿಹಾರವನ್ನು ಯಂತ್ರದ ತಯಾರಕರಲ್ಲಿಯೇ ಕೇಳಬೇಕು.

ಗುರುತಿನ ಗೊಂದಲದ ವಿಷಯದಲ್ಲಿ ಓದುಗರಲ್ಲಿ ನನ್ನ ವಿನಂತಿ ಇಷ್ಟು: ದೋಷದ ಸಾಲು ಕಂಡಾಗ ರಕ್ಷಣೆಯನ್ನು ನಿಷ್ಕ್ರಿಯಗೊಳಿಸಲು ಆತುರಪಡದೆ, ಅದರಲ್ಲಿರುವ ಸಾಧನದ ಸಂಖ್ಯೆಯನ್ನು ಯಂತ್ರದ ಪಿಸಿಐ ಪಟ್ಟಿಯೊಡನೆ ಹೋಲಿಸಿ ನೋಡಿ; ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ಹೊಸ ಕರ್ನಲ್ಲನ್ನು ಹಾಕಿ ಪರೀಕ್ಷಿಸಿ, ಆಗಲೂ ದೋಷ ಉಳಿದರೆ ಲಾಗಿನ ಆ ಸಾಲನ್ನು ಒಂದಕ್ಷರವೂ ಬಿಡದೆ ಕರ್ನಲ್ ನಿರ್ವಾಹಕರಿಗೆ ಕಳುಹಿಸಿ.