ಇಂಜಿನ್ ನುಂಗಿದ ಹಾಡು!

ಶಿಕಾರಿಪುರದಿಂದ ಸೊರಬಕ್ಕೆ ಬಸ್ಸು. ಇಂಜಿನ್ ಪಕ್ಕದ ಸೀಟು. ಕಿವಿಯಲ್ಲಿ ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ಹಾಡು. ಆದರೇನು? ಇಳಯರಾಜರ ವಾದ್ಯಗಳನ್ನೆಲ್ಲ ಇಂಜಿನ್ನೇ ನುಂಗಿ ನೀರು ಕುಡಿದಿತ್ತು!

ಎರಡು ಲೇಖನದ ಸಂಭಾವನೆ ಸುರಿದು ಕೊಂಡ ಇಯರ್‌ಫೋನು ಅದು. ‘ಹೊರಗಿನ ಸದ್ದೇ ಕೇಳ್ಸಲ್ಲ ಸಾರ್’ ಅಂದಿದ್ದ ಅಂಗಡಿಯವನು. ಡಬ್ಬಿಯ ಮೇಲಿದ್ದದ್ದು ‘ಇಎನ್‌ಸಿ’. ಅದು ಫೋನಿನಲ್ಲಿ ನಮ್ಮ ಮಾತು ಆಚೆಯವರಿಗೆ ಸ್ಪಷ್ಟವಾಗಿ ಕೇಳಲಿಕ್ಕೆ ಅಷ್ಟೆ. ನಮ್ಮ ಕಿವಿಗೆ ಬೇಕಾದ್ದು ‘ಎಎನ್‌ಸಿ’! ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಈ ಪಾಠ ದುಬಾರಿಯಾಯಿತು.

1978ರಲ್ಲಿ ವಿಮಾನದ ಮೊರೆತದಲ್ಲಿ ಸಂಗೀತ ಕೇಳಿಸದೆ ಅಮರ್ ಬೋಸ್ ಅವರೂ ಒದ್ದಾಡಿದ್ದರು. ಕೂತಲ್ಲೇ ಲೆಕ್ಕ ಹಾಕಿದರು. ಪುಟ್ಟ ಮೈಕು ಹೊರಗಿನ ಸದ್ದು ಹಿಡಿಯುತ್ತೆ, ಅದಕ್ಕೆ ತದ್ವಿರುದ್ಧದ ಅಲೆ ಹೊರಡುತ್ತೆ, ಎರಡೂ ಸೇರಿ ಸದ್ದು ಅಡಗುತ್ತೆ. ಇಂಜಿನ್ನಿನ ಒಂದೇ ಸಮನೆಯ ಗುಂಯ್‌ಗೆ ಇದು ಮದ್ದು. ಹಾರನ್‌ಗೆ, ಕಂಡಕ್ಟರ್ ಸೀಟಿಗೆ ಅಷ್ಟಾಗಿ ಅಲ್ಲ.

ವಾಪಸ್ಸು ಬರುವಾಗ ಗೆಳೆಯನ ಎಎನ್‌ಸಿ ಹೆಡ್‌ಫೋನಿನಲ್ಲಿ ಅದೇ ಹಾಡು ಕೇಳಿದೆ. ಇಂಜಿನ್ ದೂರ ಸರಿಯಿತು, ಇಳಯರಾಜ ಹತ್ತಿರ ಬಂದರು!

ಗೆಳೆಯರೇ, ಅಂಗಡಿಯ ನಿಶ್ಶಬ್ದದಲ್ಲಿ ಮರುಳಾಗಬೇಡಿ. ಇಂಜಿನ್ ಶುರುವಾದ ಬಸ್ಸಿನ ಹತ್ತಿರ ಹಾಕಿ ನೋಡಿ. ಕಿವಿಗೆ ಸರಿಯಾಗಿ ಕೂರದಿದ್ದರೆ ಎಎನ್‌ಸಿ ಇದ್ದೂ ದಂಡ. ರಸ್ತೆ ದಾಟುವಾಗ ಮಾತ್ರ ತೆಗೆದುಬಿಡಿ... ಇಲ್ಲದಿದ್ದರೆ ಕ್ಲೈಮ್ಯಾಕ್ಸೇ ಬೇರೆಯಾದೀತು!