ಗಸಿಯಾಗಿ ಕೂರುವ ಫೀನಾಲ್

ಕಲ್ಲಿದ್ದಲಿನಿಂದ ಕೋಕ್ ಮಾಡುವ ಸ್ಥಾವರ, ರಾಳದ ಕಾರ್ಖಾನೆ, ತೈಲ ಶುದ್ಧೀಕರಣಾಗಾರ, ಇವುಗಳ ಕೊಳೆನೀರಿನಲ್ಲಿ ಫೀನಾಲ್ ಇರುತ್ತದೆ. ನಮ್ಮ ದೇಶದ ನಿಯಮದಂತೆ ಹೊಳೆ, ಕೆರೆಗಳಿಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರುವಂತಿಲ್ಲ. ತೆಳುವಾಗಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಅರಗಿಸಿಕೊಳ್ಳುತ್ತವೆ. ಗಾಢವಾಗಿ ಹರಿದುಬಂದ ದಿನ ಅವೇ ಸಾಯುತ್ತವೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯ ಅಲೆಕ್ಸಾಂಡರ್ ಕ್ಲಿಬನೊವ್ ಮತ್ತು ಸಂಗಡಿಗರು ಇಂಥ ನೀರಿಗೆ ಹಾರ್ಸ್‌ರ್ಯಾಡಿಶ್ ಎಂಬ ಗಿಡದ ಬೇರಿನ ಪೆರಾಕ್ಸಿಡೇಸ್ ಕಿಣ್ವವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಬೆರೆಸಿ ನೋಡಿದರು. ಅದು ನಮ್ಮ ಮೂಲಂಗಿ, ಸಾಸಿವೆಗಳ ಬಳಗದ್ದೇ ಗಿಡ. ಈ ಕಿಣ್ವ ಫೀನಾಲನ್ನು ಒಡೆದು ಚೂರು ಮಾಡುವುದಿಲ್ಲ. ತನ್ನ ಹೀಮ್ ಗುಂಪಿನ ಕಬ್ಬಿಣದ ನೆರವಿನಿಂದ ಅದರ ಒಂದು ಇಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ, ಅಷ್ಟೇ. ಹಾಗೆ ಅರೆಕೊರೆಯಾದ ಅಣುಗಳು ಒಂದಕ್ಕೊಂದು ಅಂಟಿ ಉದ್ದುದ್ದ ಸರಪಣಿಗಳಾಗಿ, ನೀರಿನಲ್ಲಿ ಕರಗಲಾರದೆ ತಳದಲ್ಲಿ ಗಸಿಯಾಗಿ ಕೂರುತ್ತವೆ. ಕಿಣ್ವಕ್ಕೆ ಸುಲಭವಾಗಿ ಬಗ್ಗದ ಕೆಲವು ಮಾಲಿನ್ಯಗಳನ್ನೂ ಈ ಸರಪಣಿಗಳು ತಮ್ಮೊಳಗೆ ಹೆಣೆದುಕೊಂಡು ಕೆಳಗೆಳೆಯುತ್ತವೆ.

ತೊಡಕೆಂದರೆ, ಕಿಣ್ವ ತನ್ನ ಕೆಲಸದಿಂದಲೇ ಸಾಯುತ್ತದೆ. ತಾನೇ ಹುಟ್ಟಿಸಿದ ಅರೆಕೊರೆ ಅಣುಗಳು ಅದನ್ನೇ ಕಚ್ಚುತ್ತವೆ, ಗಸಿ ಅದನ್ನು ಸುತ್ತಿ ಹೂಳುತ್ತದೆ, ಪೆರಾಕ್ಸೈಡ್ ತುಸು ಹೆಚ್ಚಾದರೂ ಕೆಡುತ್ತದೆ. ಕಿಣ್ವವನ್ನು ಒಂದು ಆಸರೆಗೆ ಕಟ್ಟಿಹಾಕುವ ಉಪಾಯ ಇಲ್ಲಿಗೆ ಬರುತ್ತದೆ. ಉಪಾಯವೇನೋ ಹಳೆಯದು: ಇದ್ದಿಲಿಗೆ ಅಂಟಿದ ಇನ್ವರ್ಟೇಸ್ ಎಂಬ ಕಿಣ್ವ ಕೂಡ ಸಕ್ಕರೆ ಒಡೆಯುತ್ತದೆಂದು ನೆಲ್ಸನ್ ಮತ್ತು ಗ್ರಿಫಿನ್ ಎಂಬ ಸಂಶೋಧಕರು 1916ರಲ್ಲೇ ತೋರಿಸಿದ್ದರು. ಕಟ್ಟಿಹಾಕಿದ್ದನ್ನು ಸೋಸಿ ಮತ್ತೆ ಬಳಸಬಹುದು ಎಂಬುದನ್ನೇ ಇದರ ದೊಡ್ಡ ಲಾಭವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಎಷ್ಟು ಸಲ ಬಳಸಿದರು ಎಂಬ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ. ತೆಳು ದ್ರಾವಣದಲ್ಲಿ ಹತ್ತು ಸಲ ಬಳಸಿದ ಕಿಣ್ವ ಗಾಢ ದ್ರಾವಣದಲ್ಲಿ ಎರಡೇ ಸಲಕ್ಕೆ ಸೋಲಬಹುದು. ಒಂದು ಗ್ರಾಂ ಕಿಣ್ವ ತನ್ನ ಆಯುಷ್ಯದಲ್ಲಿ ಒಟ್ಟು ಎಷ್ಟು ಫೀನಾಲನ್ನು ಗಸಿಯಾಗಿಸಿತು ಎಂಬುದೇ ಸರಿಯಾದ ಅಳತೆ. ಈ ಅಳತೆಗೆ ಆಸರೆಯ ಸ್ವಭಾವವೇ ನಿರ್ಣಾಯಕ. ಕಡಲಪಾಚಿಯ ಅಂಟಾದ ಆಲ್ಜಿನೇಟ್‌ನ ಗುಳಿಗೆಯೊಳಗೆ ಸೇರಿಸಿದರೆ ಕಿಣ್ವ ಸುರಕ್ಷಿತ, ಆದರೆ ಗಸಿಯೂ ಅಲ್ಲೇ ಹುಟ್ಟಿ ರಂಧ್ರಗಳನ್ನು ಮುಚ್ಚುತ್ತದೆ. ಇಂಥ ಕೆಲಸಕ್ಕೆ ಹೊರಮೈಗೆ ಬಿಗಿದ ಕಿಣ್ವವೇ ವಾಸಿ ಎನ್ನಿಸುತ್ತದೆ.

ಇಷ್ಟೆಲ್ಲ ಏಕೆ, ಮೂಲಂಗಿ ಹೆಚ್ಚಿ ಹಾಕಿದರಾಗದೆ? ಪ್ರಶ್ನೆ ತಮಾಷೆಯದಲ್ಲ. ಡೆಕ್ ಮತ್ತು ಬೊಲಾಗ್ ಎಂಬ ಸಂಶೋಧಕರು 1994ರಲ್ಲಿ ಕೊಚ್ಚಿದ ಹಾರ್ಸ್‌ರ್ಯಾಡಿಶ್, ಆಲೂಗಡ್ಡೆ, ಬಿಳಿ ಮೂಲಂಗಿಗಳಿಂದಲೇ ಕ್ಲೋರೋಫೀನಾಲ್‌ಗಳನ್ನು ತೆಗೆದು ತೋರಿಸಿದ್ದರು. ಗಿಡದ ಅಂಗಾಂಶವೇ ಅಲ್ಲಿ ಕಿಣ್ವಕ್ಕೆ ಆಸರೆ. ಆದರೆ ತರಕಾರಿ ಚೂರುಗಳಿಂದ ಸಕ್ಕರೆ, ಪ್ರೋಟೀನುಗಳೂ ನೀರಿಗಿಳಿದು ಹೊಸ ಹೊರೆಯಾಗುತ್ತವೆ. ದಿನವೂ ಬರುವ ಕೊಳೆನೀರಿಗೆ ಅದು ನಿಲ್ಲುವ ದಾರಿಯಲ್ಲ. ಕಿಣ್ವ ದುಬಾರಿ ಎಂಬ ಆಕ್ಷೇಪಕ್ಕೆ ಸೋಯಾ ಸಿಪ್ಪೆ ಹೆಚ್ಚು ಗಟ್ಟಿಯಾದ ಉತ್ತರ: ಎಣ್ಣೆ ತೆಗೆಯುವಾಗ ಬೇರ್ಪಡುವ ಆ ಹೊಟ್ಟಿನಲ್ಲಿ ಬಿಸಿಗೂ ಬೇಗ ಕೆಡದ ಪೆರಾಕ್ಸಿಡೇಸ್ ಹೇರಳ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಖಯ್ಯೂಮ್ ಹುಸೇನ್ ಅವರ ತಂಡ ಹಾಗಲಕಾಯಿಯ ಪೆರಾಕ್ಸಿಡೇಸನ್ನು ಕಟ್ಟಿಹಾಕಿ ಬಟ್ಟೆಯ ಬಣ್ಣಗಳನ್ನು ತಿಳಿಗೊಳಿಸಿದೆ. ಇಲ್ಲಿ ಮಾತ್ರ ಎಚ್ಚರ ಬೇಕು. ನೀರು ತಿಳಿಯಾಯಿತೆಂದರೆ ವಿಷ ಇಳಿಯಿತೆಂದಲ್ಲ. ಬಣ್ಣ ಒಡೆದು ಹುಟ್ಟಿದ ಅಣುಗಳು ಮೊದಲಿನದಕ್ಕಿಂತ ಕೇಡಿನವೂ ಆಗಿರಬಹುದು. ಫೀನಾಲಿನ ಗಸಿಯನ್ನೂ ಎಲ್ಲೋ ಸುರಿದು ಕೈತೊಳೆದುಕೊಳ್ಳುವಂತಿಲ್ಲ. ಆದ್ದರಿಂದ ಊರ ಚರಂಡಿಯ ಕೊನೆಯಲ್ಲಿ, ಸಾವಿರ ಬಗೆಯ ಕೊಳೆ ಬೆರೆತ ಮೇಲೆ, ಈ ಕಿಣ್ವವನ್ನಿಟ್ಟು ಪ್ರಯೋಜನವಿಲ್ಲ. ಕಾರ್ಖಾನೆಯ ಕೊಳವೆಯ ಬಾಯಲ್ಲೇ, ಬ್ಯಾಕ್ಟೀರಿಯಾ ತೊಟ್ಟಿಗೆ ಮುಂಚೆ, ಫೀನಾಲ್ ಗಾಢವಾಗಿಯೂ ನೀರು ಕಡಿಮೆಯೂ ಇರುವ ಕಡೆ ಅದಕ್ಕೆ ಜಾಗವಿದೆ.